ಬಡಾವಣೆಯಾದ ಹೊಲದಲ್ಲಿ ಹಿರಿಯರ ಗುಡ್ಡೆಯನ್ನು ಹುಡುಕುವ ಬಗೆ

ವಂಶವೃಕ್ಷ ಬರೆಯಲು ಕುಳಿತವರಲ್ಲಿ ಹೆಚ್ಚಿನವರು ಮುತ್ತಜ್ಜನ ಹೆಸರಿನವರೆಗೆ ಬಂದು ನಿಂತುಬಿಡುತ್ತಾರೆ. ಅಲ್ಲಿಂದ ಹಿಂದಕ್ಕೆ ಹೋಗಲು ಕೆಲವೊಮ್ಮೆ ಕಾಗದಕ್ಕಿಂತ ಕಲ್ಲು ಹೆಚ್ಚು ನೆರವಾಗುತ್ತದೆ; ಆದರೆ ಆ ಕಲ್ಲು ಎಲ್ಲಿದೆಯೆಂದು ಹೇಳಬಲ್ಲವರು ಮನೆಯಲ್ಲಿ ಉಳಿದಿರುವುದಿಲ್ಲ. ಬೆಂಗಳೂರಿನ ಸುತ್ತಣ ಒಕ್ಕಲು ಮನೆತನಗಳಲ್ಲಿ ತೀರಿಕೊಂಡವರನ್ನು ಸ್ವಂತ ಜಮೀನಿನ ಒಂದು ಮೂಲೆಯಲ್ಲಿ ಮಣ್ಣು ಮಾಡಿ, ಮೇಲೆ ಗುಡ್ಡೆ ಕಟ್ಟಿ, ಹಾಲುತುಪ್ಪ ಬಿಟ್ಟು, ಮಹಾಲಯದ ಹೊತ್ತಿಗೆ ಎಡೆ ಇಟ್ಟು ಬರುವ ರೂಢಿಯಿತ್ತು; ಹಲವೆಡೆ ಈಗಲೂ ಇದೆ. ಜಮೀನು ಮಾರಾಟವಾಗಿಯೋ ಸ್ವಾಧೀನಕ್ಕೆ ಹೋಗಿಯೋ ಕುಟುಂಬ ಬೇರೆಡೆ ನೆಲೆಸಿದ ಮೇಲೆ ಎಡೆ ನಿಲ್ಲುತ್ತದೆ, ಗುಡ್ಡೆಯ ಮೇಲೆ ಲಂಟಾನ ಬೆಳೆಯುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಆ ಹೊಲದ ಹೆಸರೂ ಮರೆತುಹೋಗುತ್ತದೆ. ಅಂಥ ಜಾಗವನ್ನು ಹುಡುಕಬಯಸುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಸರ್ವೆ ನಂಬರು ಕೈಗೆ ಸಿಗುವವರೆಗೆ ಮನೆಯಿಂದ ಹೊರಡಬೇಡಿ.

ಸರ್ವೆ ನಂಬರಿನ ದಾರಿ ಶುರುವಾಗುವುದು ಮನೆಯ ಹಿರಿಯ ಹೆಂಗಸರಿಂದ. ಅವರನ್ನು ‘ಸಮಾಧಿ ಎಲ್ಲಿತ್ತು’ ಎಂದು ಕೇಳಿದರೆ ಕೈಯನ್ನು ಗಾಳಿಯಲ್ಲಿ ಒಂದು ದಿಕ್ಕಿಗೆ ಆಡಿಸಿ ಸುಮ್ಮನಾಗುತ್ತಾರೆ. ನಾನು ನನ್ನ ಚಿಕ್ಕಜ್ಜಿಯನ್ನು ಹಾಗೆ ಕೇಳಿ ಎರಡು ವರ್ಷ ಕಳೆದೆ. ಕೊನೆಗೆ ಒಂದು ದಿನ, ‘ಅಜ್ಜಿ, ಎಡೆ ಹೊತ್ತುಕೊಂಡು ಮನೆಯಿಂದ ಹೊರಟರೆ ಮೊದಲು ಏನು ಸಿಗುತ್ತಿತ್ತು?’ ಎಂದು ಕೇಳಿದಾಗ, ಸೊಸೆಯಾಗಿ ಬಂದ ವರ್ಷದಿಂದ ನಡೆದ ದಾರಿಯನ್ನು ಅವರು ಹೆಜ್ಜೆ ಹೆಜ್ಜೆಯಾಗಿ ಹೇಳಿದರು: ಮಾರಮ್ಮನ ಗುಡಿ, ಗಾಡಿ ಜಾಡು, ಕೆರೆ ಕೋಡಿ, ಬಲಕ್ಕೆ ಹುಣಸೆ ತೋಪು, ಅದನ್ನು ದಾಟಿದರೆ ‘ಕಲ್ಲುಕಟ್ಟೆ ಹೊಲ’. ಹೀಗೆ ಸಿಗುವ ಹೊಲದ ಹೆಸರುಗಳನ್ನು ಅವರು ಹೇಳಿದ ಉಚ್ಚಾರಣೆಯಲ್ಲಿಯೇ ಬರೆದುಕೊಳ್ಳಬೇಕು, ತಿದ್ದಬಾರದು. ಹಳೆಯ ಪತ್ರಗಳಲ್ಲಿ ಅದೇ ಹೆಸರು ಎದುರಾದಾಗ ಗುರುತು ಹಿಡಿಯಲು ಆ ಉಚ್ಚಾರಣೆಯೇ ಆಧಾರ.

ಮನೆಯಲ್ಲಿ ಹೇಳುವವರಿಲ್ಲದಿದ್ದರೆ ಮನೆದೇವರ ಗುಡಿಗೆ ಹೋಗಿ ವಿಚಾರಿಸಬಹುದು, ಏಕೆಂದರೆ ಊರು ಬಿಟ್ಟವರೂ ಮನೆದೇವರನ್ನು ಬಿಟ್ಟಿರುವುದು ಕಡಿಮೆ, ಮತ್ತು ಅದೇ ಗುಡಿಗೆ ನಡೆದುಕೊಳ್ಳುವ ದಾಯಾದಿಗಳು ಮೂಲ ಊರಿನಲ್ಲಿ ಇನ್ನೂ ಇರುವ ಸಾಧ್ಯತೆಯಿದೆ. ಹೆಳವರು ಬಂದುಹೋಗುವ ಮನೆತನಗಳಿಗೆ ಇನ್ನೊಂದು ಅನುಕೂಲವಿದೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಒಕ್ಕಲು ಮನೆಗಳ ವಂಶಾವಳಿಯನ್ನು ಹಾಡಿ ಹೇಳಿ ದವಸ ಪಡೆಯುತ್ತಿದ್ದ ಈ ಸಮುದಾಯದವರು ತಮ್ಮ ಪುಸ್ತಕಗಳಲ್ಲಿ ತಲೆಮಾರುಗಳ ಹೆಸರನ್ನು ಮಾತ್ರವಲ್ಲದೆ ಯಾವ ಊರಿನಿಂದ ಯಾವ ಊರಿಗೆ ಒಕ್ಕಲು ಹೋದರೆಂಬುದನ್ನೂ ಬರೆದಿಟ್ಟುಕೊಂಡಿರುತ್ತಾರೆ. ನಗರದ ಮನೆಗಳಿಗೆ ಅವರು ಬರುವುದು ಅಪರೂಪವಾದ್ದರಿಂದ, ಊರಿನಲ್ಲಿರುವ ದಾಯಾದಿಗಳ ಮನೆಗೆ ಅವರು ಬಂದಾಗ ತಿಳಿಸುವಂತೆ ಮೊದಲೇ ಹೇಳಿಡುವುದು ಒಳ್ಳೆಯದು.

ಊರಿನ ಹೆಸರು ಸಿಕ್ಕಿತೆಂದು ಹಿಗ್ಗುವ ಮುನ್ನ ಹೋಬಳಿಯನ್ನು ಖಚಿತಪಡಿಸಿಕೊಳ್ಳಿ. ಕೆಂಪಾಪುರವೆಂಬ ಊರು ಹೆಬ್ಬಾಳದ ಬಳಿ ಇದೆ, ಯಮಲೂರಿನ ಬಳಿ ಇದೆ, ಮಾಗಡಿ ತಾಲ್ಲೂಕಿನಲ್ಲೂ ಇದೆ. ಅಗರ, ಹೊಸಹಳ್ಳಿಗಳ ಕಥೆಯೂ ಹಾಗೆಯೇ. ಹೆಸರೊಂದೇ ಆದ ಬೇರೆ ಊರಿನಲ್ಲಿ ನಾನು ಅರ್ಧ ದಿನ ಅಲೆದು, ಅಲ್ಲಿಯವರ ಹಿರಿಯರ ಗುಡ್ಡೆಗೆ ಕೈಮುಗಿದು ಬಂದಿದ್ದೇನೆ. ಜಿಲ್ಲೆಯ ಹೆಸರೂ ಮೋಸ ಮಾಡುತ್ತದೆ. 1986ರಲ್ಲಿ ಬೆಂಗಳೂರು ಜಿಲ್ಲೆ ನಗರ ಮತ್ತು ಗ್ರಾಮಾಂತರವೆಂದು ಇಬ್ಭಾಗವಾಯಿತು, 2007ರಲ್ಲಿ ಗ್ರಾಮಾಂತರದಿಂದ ರಾಮನಗರ ಜಿಲ್ಲೆ ಬೇರ್ಪಟ್ಟಿತು. ಆದ್ದರಿಂದ ಹಳೆಯ ಪತ್ರದಲ್ಲಿ ‘ಬೆಂಗಳೂರು ಜಿಲ್ಲೆ’ ಎಂದಿರುವ ಜಮೀನಿನ ದಾಖಲೆ ಈಗ ಬೇರೆ ಜಿಲ್ಲೆಯ ತಾಲ್ಲೂಕು ಕಚೇರಿಯಲ್ಲಿರಬಹುದು.

ಮಾಗಡಿಯ ಕೆಂಪಾಪುರವನ್ನು ಹೆಸರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರ ಸಮಾಧಿಯೆಂದು ಗುರುತಿಸಲಾದ ಗೋಪುರದಂಥ ಕಲ್ಲಿನ ಕಟ್ಟಡ 2015ರಲ್ಲಿ ಬೆಳಕಿಗೆ ಬಂದದ್ದು ಅದೇ ಊರಿನಲ್ಲಿ, ಅದರ ಮೇಲಿದ್ದ ಕನ್ನಡ ಶಾಸನದಿಂದ. ಊರಿನವರಿಗೆ ಆ ಕಟ್ಟಡ ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ನಾಡಪ್ರಭುವಿನ ಸಮಾಧಿಯ ಪಾಡೇ ಹೀಗಾದರೆ, ನಮ್ಮ ನಿಮ್ಮ ಮುತ್ತಜ್ಜನ ಗುಡ್ಡೆ ಮರೆತುಹೋದುದರಲ್ಲಿ ಅಚ್ಚರಿಯೇನೂ ಇಲ್ಲ.

ಇನ್ನು ಕಾಗದಗಳು. ಮೊದಲು ಮನೆಯ ಟ್ರಂಕಿನಲ್ಲಿರುವ ಪಾಲುಪಟ್ಟಿ ಮತ್ತು ಕ್ರಯಪತ್ರಗಳನ್ನು ತೆಗೆದು ಚೆಕ್ಕುಬಂದಿಯನ್ನು ಓದಿ. ಜಮೀನಿನ ನಾಲ್ಕು ದಿಕ್ಕುಗಳಲ್ಲಿ ಏನಿದೆಯೆಂದು ಹೇಳುವ ಆ ನಾಲ್ಕು ಸಾಲುಗಳಲ್ಲಿ ‘ದಕ್ಷಿಣಕ್ಕೆ ನಮ್ಮ ಹಿರಿಯರ ಸಮಾಧಿ’ ಎಂಬಂಥ ಮಾತು ಕೆಲವೊಮ್ಮೆ ಸಿಗುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ ಗುಡ್ಡೆಯ ಜಾಗವನ್ನು ಯಾರ ಪಾಲಿಗೂ ಸೇರಿಸದೆ ಜಂಟಿಯಾಗಿ ಉಳಿಸಿಕೊಂಡಿದ್ದರೆ ಅದೂ ಅಲ್ಲೇ ಬರೆದಿರುತ್ತದೆ. ಪತ್ರ ಮನೆಯಲ್ಲಿ ಇಲ್ಲದಿದ್ದರೆ, ಅದು ನೋಂದಣಿಯಾಗಿದ್ದ ಪಕ್ಷದಲ್ಲಿ, ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು.

ಸರ್ವೆ ನಂಬರು ತಿಳಿದ ಮೇಲೆ ಪಹಣಿಯನ್ನು ನೋಡಬೇಕು. ಅದರ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು, ಅಂದರೆ ಕಂದಾಯ ಹಾಕದೆ ಬಿಟ್ಟ ನೆಲ, ‘ಅ’ ಮತ್ತು ‘ಬ’ ಎಂದು ಎರಡು ಬಗೆಯಾಗಿರುತ್ತದೆ. ಬೇಸಾಯಕ್ಕೆ ಬಾರದ ನೆಲ ‘ಅ’ ಖರಾಬು; ರಸ್ತೆ, ಹಳ್ಳ, ಕೆರೆ, ಹೆಣ ಹೂಳುವ ಅಥವಾ ಸುಡುವ ಜಾಗ ಮುಂತಾಗಿ ಸಾರ್ವಜನಿಕ ಬಳಕೆಗೆ ಸೇರಿದ್ದು ‘ಬ’ ಖರಾಬು ಎಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ‘ಬ’ ಖರಾಬಿನಲ್ಲಿ ಎರಡು ಮೂರು ಗುಂಟೆ ಕಂಡುಬಂದರೆ ಅದರ ಕಾರಣವನ್ನು ವಿಚಾರಿಸುವುದು ಸಾರ್ಥಕ. ಆದರೆ ಅಲ್ಲಿ ಸೊನ್ನೆಯಿದ್ದರೆ ಗುಡ್ಡೆಯೇ ಇರಲಿಲ್ಲವೆಂದು ತೀರ್ಮಾನಿಸಬಾರದು. ಒಂದು ಕುಟುಂಬದ ನಾಲ್ಕಾರು ಗುಡ್ಡೆಗಳನ್ನು ಸರ್ವೆಯವರು ಬೇರೆಯಾಗಿ ಲೆಕ್ಕ ಹಿಡಿಯದೆ ಹೊಲದೊಳಗೇ ಬಿಟ್ಟಿರುವುದೇ ಹೆಚ್ಚು.

ಪಹಣಿಗಿಂತ ನನಗೆ ಹೆಚ್ಚು ಉಪಯೋಗವಾದದ್ದು ಸರ್ವೆ ಟಿಪ್ಪಣಿ, ಅಂದರೆ ಸರ್ವೆಯವರು ಹೊಲದ ಗಡಿಗಳನ್ನು ಅಳೆದು ಬರೆದಿಟ್ಟ ನಕ್ಷೆ. ತಾಲ್ಲೂಕಿನ ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ ಮತ್ತು ಆಕಾರ್‌ಬಂದ್‌ನ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯಗಳ ಪಟ್ಟಿ) ನಕಲುಗಳನ್ನು ಕೇಳಬೇಕು. ಸರ್ವೆ ನಂಬರು ಕಾಲಕ್ರಮದಲ್ಲಿ 42/1, 42/2 ಎಂದು ಒಡೆದುಹೋಗಿದ್ದರೆ ಯಾವ ತುಂಡು ಯಾರ ಪಾಲಿಗೆ ಬಂತೆಂಬುದು ಹಿಸ್ಸಾ ಟಿಪ್ಪಣಿಯಿಂದಲೇ ತಿಳಿಯುತ್ತದೆ. ಟಿಪ್ಪಣಿಯ ಅಳತೆಗಳು ಸರಪಳಿ ಮತ್ತು ಆಣೆಯ ಲೆಕ್ಕದಲ್ಲಿರುವುದರಿಂದ ಮೊದಲ ನೋಟಕ್ಕೆ ಗೊಂದಲವಾಗುತ್ತದೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ, ಅಂದರೆ ಒಂದು ಆಣೆ ಎರಡು ಅಡಿಗಿಂತ ತುಸು ಹೆಚ್ಚು. ಒಂದು ಸರಪಳಿ ಉದ್ದ ಮತ್ತು ಒಂದು ಸರಪಳಿ ಅಗಲದ ಚೌಕವೇ 1,089 ಚದರಡಿಯ ಗುಂಟೆ. ಇಷ್ಟು ಗೊತ್ತಿದ್ದರೆ ಅಳತೆ ಟೇಪು ಹಿಡಿದು ಯಾರ ನೆರವೂ ಇಲ್ಲದೆ ಹೊಲದ ಮೂಲೆಯನ್ನು ಹೆಚ್ಚುಕಡಿಮೆ ಗುರುತಿಸಬಹುದು.

ಜಮೀನು ಬಡಾವಣೆಗೋ ಕೈಗಾರಿಕಾ ಪ್ರದೇಶಕ್ಕೋ ಸ್ವಾಧೀನವಾಗಿದ್ದರೆ ಅಧಿಸೂಚನೆಗಳನ್ನು ಹುಡುಕಬೇಕು: ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ವಿಷಯದಲ್ಲಿ ಕಲಂ 17(1) ಮತ್ತು 19(1), ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ವಿಷಯದಲ್ಲಿ 28(1) ಮತ್ತು 28(4), ಹಳೆಯ ಭೂಸ್ವಾಧೀನ ಕಾಯ್ದೆಯಡಿ 4(1) ಮತ್ತು 6(1). ಇವು ರಾಜ್ಯಪತ್ರದಲ್ಲಿ ಪ್ರಕಟವಾಗಿರುತ್ತವೆ. ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು ಅವುಗಳಲ್ಲಿ ಇರುತ್ತವೆ. ಅದಕ್ಕಿಂತ ಮುಖ್ಯವಾದದ್ದು ಪರಿಹಾರದ ಮೊತ್ತವನ್ನು ನಿಗದಿ ಮಾಡಿದ ಆದೇಶ, ಅಂದರೆ ಐತೀರ್ಪು, ಏಕೆಂದರೆ ಜಮೀನಿನಲ್ಲಿದ್ದ ಬಾವಿ, ಮರ, ಕಟ್ಟಡಗಳಿಗೆ ಬೆಲೆ ಕಟ್ಟುವಾಗ ಗಾರೆ ಹಾಕಿದ ಸಮಾಧಿಯೂ ಪಟ್ಟಿಯೊಳಗೆ ಸೇರಿರುವ ಸಂಭವವಿದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವವರು ‘ಎಲ್ಲ ದಾಖಲೆ ಕೊಡಿ’ ಎಂದು ಬರೆಯದೆ, ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಐತೀರ್ಪು ಮತ್ತು ಸ್ಥಳ ಮಹಜರು ಎಂದು ಖಚಿತವಾಗಿ ಕೇಳಿದರೆ ಉತ್ತರ ಬೇಗ ಬರುತ್ತದೆ.

ಕ್ರೈಸ್ತ ಮನೆತನದವರಿಗೆ ದಾರಿ ಬೇರೆ. ಅವರು ಸೇರಿದ್ದ ಚರ್ಚಿನ ಶವಸಂಸ್ಕಾರದ ರಿಜಿಸ್ಟರೇ ಮೊದಲ ಆಧಾರ, ಹೊಸೂರು ರಸ್ತೆ ಮತ್ತು ಕಲ್ಪಳ್ಳಿಯಂಥ ಸ್ಮಶಾನಗಳು ಅದರ ನಂತರ. ಮುಸ್ಲಿಂ ಮನೆತನದವರು ಮೊಹಲ್ಲಾದ ಮಸೀದಿ ಸಮಿತಿಯಿಂದ ಆರಂಭಿಸಿ, ಖಬರಸ್ತಾನ ನೋಂದಾಯಿತವಾಗಿದ್ದರೆ ವಕ್ಫ್ ದಾಖಲೆಗಳಿಗೆ ಹೋಗಬಹುದು.

ಕುಟುಂಬದ ಎಲ್ಲ ಗುಡ್ಡೆಗಳೂ ಒಂದೆಡೆ ಇದ್ದು ಒಬ್ಬರದು ಮಾತ್ರ ಕಾಣದಿದ್ದರೆ ಅವರು ಕಾಲವಾದ ವರ್ಷವನ್ನು ಗಮನಿಸಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. 1918ರ ಇನ್‌ಫ್ಲುಯೆಂಜಾದಲ್ಲಿ ಹೆಣ ಹೊರಲು ಆಳುಗಳು ಸಿಗದ ಸ್ಥಿತಿ ಬಂದಿತ್ತು. ಆ ವರ್ಷಗಳಲ್ಲಿ ಸತ್ತವರನ್ನು ರೂಢಿಯ ಜಾಗಕ್ಕೆ ಒಯ್ಯದೆ ಸಿಕ್ಕಲ್ಲಿ ಮಣ್ಣು ಮಾಡಿರುವುದುಂಟು. ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ: ವಿಳಂಬಿ ಎಂದರೆ 1898–99, ಕಾಳಯುಕ್ತಿ ಎಂದರೆ 1918–19. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ, ಹೇಳಿದ ಹೆಸರು ಯಾವ ಸುತ್ತಿಗೆ ಸೇರಿದ್ದೆಂದು ತಲೆಮಾರಿನ ಲೆಕ್ಕದಿಂದ ತಾಳೆ ನೋಡಬೇಕು.

ಇಷ್ಟೆಲ್ಲ ಆದ ಮೇಲೆ ಸ್ಥಳಕ್ಕೆ ಹೊರಡಬಹುದು. ಭೂದಾಖಲೆಗಳ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆಯನ್ನು ಇಳಿಸಿಕೊಂಡು, ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರನ್ನು ನೋಡುತ್ತ ನಡೆಯಿರಿ. ಆ್ಯಪ್ ತೋರಿಸುವ ಗಡಿ ಕೆಲವು ಮೀಟರುಗಳಷ್ಟು ಆಚೀಚೆ ಇರುತ್ತದೆಂದು ಎಣಿಸಿ, ಕೆರೆ ಏರಿ, ಗುಡಿ, ಹಳ್ಳಗಳಂಥ ಕದಲದ ಗುರುತುಗಳಿಂದ ಟಿಪ್ಪಣಿಯ ಅಳತೆ ಹಿಡಿದು ತಾಳೆ ನೋಡಬೇಕು. ಸುಗ್ಗಿ ಮುಗಿದು ಪೊದೆ ಒಣಗಿರುವ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಬೆಳಗಿನ ಓರೆ ಬಿಸಿಲಿನಲ್ಲಿ ನೆಲದ ಸಣ್ಣ ಉಬ್ಬೂ ನೆರಳು ಚೆಲ್ಲುತ್ತದೆ. ಅದೇ ಉಬ್ಬು ನಡು ಮಧ್ಯಾಹ್ನ ಕಣ್ಣಿಗೆ ಬೀಳುವುದಿಲ್ಲ. ಹಾವಿನ ಭಯವಿರುವುದರಿಂದ ಬೂಟು ಮತ್ತು ಉದ್ದನೆಯ ಕೋಲು ಬೇಕು, ಒಬ್ಬರೇ ಹೋಗಬಾರದು. ಜಮೀನು ಈಗ ಯಾರದ್ದೋ ಅವರ ಒಪ್ಪಿಗೆಯಿಲ್ಲದೆ ಕಾಲಿಡಲೂಬಾರದು. ಬೆಲೆಬಾಳುವ ನೆಲದಲ್ಲಿ ‘ನಮ್ಮ ಹಿರಿಯರ ಸಮಾಧಿ’ ಎಂದು ಬಂದವರನ್ನು ಮಾಲೀಕರು ಹಕ್ಕು ಕೇಳಲು ಬಂದವರೆಂದೇ ತಿಳಿಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಹಕ್ಕಿನ ಮಾತೆತ್ತದೆ, ಊರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹೋಗುವುದು ಉತ್ತಮ.

ನೆಲದ ಮೇಲೆ ಏನನ್ನು ನೋಡಬೇಕು? ಉಳುಮೆಯ ಸಾಲುಗಳು ಕಾರಣವಿಲ್ಲದೆ ಬಳಸಿಕೊಂಡು ಹೋದ ಜಾಗ, ಕಲ್ಲುಗುಪ್ಪೆ, ಯಾರೂ ಬೆಳೆಸದಿದ್ದರೂ ಉಳಿದುಕೊಂಡ ಕಣಗಿಲೆ, ಎಕ್ಕ ಅಥವಾ ಬಿಲ್ವಪತ್ರೆಯ ಮರ. ಗುಡ್ಡೆಯ ಆಕಾರವೂ ಮಾತನಾಡುತ್ತದೆ. ಲಿಂಗಾಯತರು ಇಷ್ಟಲಿಂಗದೊಡನೆ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದರಿಂದ ಗದ್ದಿಗೆ ಸಾಮಾನ್ಯವಾಗಿ ಚೌಕವಾಗಿರುತ್ತದೆ. ಮಲಗಿಸಿ ಹೂಳುವವರ ಗುಡ್ಡೆ ಉದ್ದ. ನಮ್ಮಲ್ಲಿ ತಲೆ ದಕ್ಷಿಣಕ್ಕೆ ಬರುವಂತೆ ಮಲಗಿಸುವುದು ರೂಢಿ. ಮುಸ್ಲಿಮರ ಗೋರಿಯೂ ಉತ್ತರ-ದಕ್ಷಿಣವಾಗಿಯೇ ಇರುತ್ತದೆ, ಆದರೆ ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ಹಳೆಯ ಕ್ರೈಸ್ತ ಸಮಾಧಿಗಳು ಬಹುಮಟ್ಟಿಗೆ ಪೂರ್ವ-ಪಶ್ಚಿಮ. ಕುದುರೆ, ಬಿಲ್ಲು, ಅಪ್ಸರೆಯರನ್ನು ಕೆತ್ತಿದ ಕಲ್ಲು ಸಿಕ್ಕರೆ ಅದು ಬಹುಶಃ ನಿಮ್ಮ ಅಜ್ಜನದಲ್ಲ, ಶತಮಾನಗಳ ಹಿಂದಿನ ವೀರಗಲ್ಲು. ಅದರ ಮೇಲೆ ಅಕ್ಷರಗಳಿದ್ದರೆ ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಊರಿನ ಹೆಸರಿನಡಿ ಹುಡುಕಿ; ಅಲ್ಲಿ ಇಲ್ಲದಿದ್ದರೆ, ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿರುವ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ತಿಳಿಸಿ.

ಸಮಾಧಿ ಕಲ್ಲಿನ ಅಕ್ಷರ ಓದಲು ತಂತಿ ಬ್ರಶ್, ಆಸಿಡ್, ಸೀಮೆಸುಣ್ಣ ಯಾವುದೂ ಬೇಡ. ನೀರು ಚಿಮುಕಿಸಿ ಮೆತ್ತನೆಯ ಬ್ರಶ್ಶಿನಿಂದ ಮಣ್ಣು ತೆಗೆದು, ಮುಸ್ಸಂಜೆಯ ಮೇಲೆ ಟಾರ್ಚನ್ನು ಕಲ್ಲಿನ ಬದಿಗೆ ಅಡ್ಡಲಾಗಿ ಹಿಡಿದು ಬೇರೆ ಬೇರೆ ಕೋನಗಳಿಂದ ಚಿತ್ರ ತೆಗೆಯಬೇಕು. ಸವೆದ ಕಲ್ಲಿನಲ್ಲಿ ೬ ಮತ್ತು ೯ ಅಂಕಿಗಳು ಒಂದನ್ನೊಂದು ಹೋಲುವುದರಿಂದ ಇಸವಿಯನ್ನು ಪಕ್ಕದ ಸಂವತ್ಸರದ ಹೆಸರಿನೊಡನೆ ಹೊಂದಿಸಿ ನೋಡಿ. ಗುರುತಿಗಾಗಿ ಎಂದೂ ಅಗೆಯಬೇಡಿ. ಹಾಗೆ ಅಗೆಯುವುದು ಸಂಪ್ರದಾಯಕ್ಕೆ ಸಲ್ಲದು, ಜೊತೆಗೆ ಸಮಾಧಿ ಸ್ಥಳಕ್ಕೆ ನುಗ್ಗಿ ಇತರರ ಭಾವನೆಗೆ ಘಾಸಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಅಪರಾಧ.

ನನ್ನ ಹುಡುಕಾಟದಲ್ಲಿ ಚಿಕ್ಕಜ್ಜಿ ಹೇಳಿದ ಕೆರೆ ಕೋಡಿ ಸಿಕ್ಕಿತು, ಹುಣಸೆ ತೋಪಿನ ಎರಡು ಮರಗಳು ಸಿಕ್ಕವು, ಟಿಪ್ಪಣಿಯ ಅಳತೆ ಹಿಡಿದು ನಡೆದ ದಾರಿ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಬಂದು ನಿಂತಿತು. ಒಳಗೆ ಗುಡ್ಡೆಯೇನೂ ಉಳಿದಿರಲಿಲ್ಲ. ಪಾರ್ಕಿಂಗ್ ಜಾಗದ ಅಂಚಿನಲ್ಲಿ ಒಂದು ಹಳೆಯ ಕಣಗಿಲೆ ಇತ್ತು. ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ದಾಖಲಾತಿಯೊಂದೇ: ಅಕ್ಷಾಂಶ-ರೇಖಾಂಶ, ಸರ್ವೆ ನಂಬರು, ಗ್ರಾಮ, ಹೋಬಳಿ, ನೋಡಿದ ದಿನಾಂಕ, ಮಾಹಿತಿ ಕೊಟ್ಟವರ ಹೆಸರು ಮತ್ತು ಅವರು ಹೇಳಿದ ಮಾತು, ಅಳತೆಯಿಂದ ಸಿದ್ಧವಾದದ್ದೆಷ್ಟು, ಊಹೆಯೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದು ವಂಶವೃಕ್ಷದ ಜೊತೆಗೆ ಇಡುವುದು. ನಾನು ಬರೆದ ಹಾಳೆಯಲ್ಲಿ ಕಣಗಿಲೆ ಊಹೆಯ ಪಟ್ಟಿಯಲ್ಲಿದೆ. ಅಲ್ಲಿನ ಕಾವಲುಗಾರರನ್ನು ಕೇಳಿಕೊಂಡ ಮೇಲೆ, ಮಹಾಲಯ ಅಮಾವಾಸ್ಯೆಯ ದಿನ ಬೆಳಗ್ಗೆ ಹತ್ತು ನಿಮಿಷ ಒಳಗೆ ಬಂದು ಎಡೆ ಇಟ್ಟು ಹೋಗಲು ನಿವಾಸಿಗಳ ಸಂಘದವರು ಒಪ್ಪಿದ್ದಾರೆ.