ಬಲಪುಟ ಪರರದು, ಎಡಪುಟ ನನ್ನದು

ಬರೆಯುವವರ ಪ್ರಾಮಾಣಿಕತೆ ಹೆಚ್ಚಾಗಿ ಕೆಡುವುದು ಟಿಪ್ಪಣಿ ಮಾಡಿಕೊಳ್ಳುವ ಹೊತ್ತಿನಲ್ಲಿ. ಓದುತ್ತ ಓದುತ್ತ ಒಂದು ಒಳ್ಳೆಯ ಸಾಲನ್ನು ಇಳಿಸಿಕೊಳ್ಳುತ್ತೇವೆ. ಉದ್ಧರಣ ಚಿಹ್ನೆ ಹಾಕಿರುವುದಿಲ್ಲ, ಪುಟಸಂಖ್ಯೆಯೂ ಇರುವುದಿಲ್ಲ. ಮೂರು ತಿಂಗಳು ಬಿಟ್ಟು ನೋಡಿದರೆ ಆ ಸಾಲು ನಮ್ಮದೇ ಅನ್ನಿಸುತ್ತದೆ. ಕದಿಯುವ ಮನಸ್ಸಿಲ್ಲದವರ ಲೇಖನದಲ್ಲೂ ಪರರ ಮಾತು ನುಸುಳುವುದು ಹೀಗೆ. ಹಾಗಾಗಿ ಪ್ರಾಮಾಣಿಕತೆಯನ್ನು ಮನಸ್ಸಿನ ಮೇಲೆ ಬಿಡದೆ ನೋಟ್‌ಬುಕ್ಕಿಗೆ ಕಟ್ಟಿಹಾಕಿದ್ದೇನೆ.

200 ಪುಟದ ಸಾದಾ ನೋಟ್‌ಬುಕ್ಕು ಸಾಕು. ಬಲಪುಟದಲ್ಲಿ ಬೇರೆಯವರ ಮಾತು ಮಾತ್ರ, ಎಡಪುಟದಲ್ಲಿ ನನಗೆ ಅನ್ನಿಸಿದ್ದು. ಬಲಪುಟದಲ್ಲಿ ಮೊದಲು ಬರೆಯುವುದು ಲೇಖಕರ ಹೆಸರು, ಪುಸ್ತಕ, ಮುದ್ರಣದ ವರ್ಷ, ಪುಟ, ಆಮೇಲೆ ವಾಕ್ಯ. ಕ್ರಮ ತಿರುವುಮುರುವಾದರೆ ವಾಕ್ಯ ಇಳಿಸಿಕೊಂಡ ಖುಷಿಯಲ್ಲಿ ಪುಟಸಂಖ್ಯೆ ಮರೆತೇಹೋಗುತ್ತದೆ. ಸಾರಾಂಶ ಬೇಕಿದ್ದರೆ ಪುಸ್ತಕ ಮುಚ್ಚಿಟ್ಟು ಬರೆಯುತ್ತೇನೆ. ತೆರೆದಿಟ್ಟುಕೊಂಡರೆ ಪದಗಳು ಬದಲಾಗುತ್ತವೆಯೇ ಹೊರತು ವಾಕ್ಯದ ಅಸ್ಥಿಪಂಜರ ಮೂಲದವರದೇ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಎರವಲು ಮಾತಿಗೆ ನೀಲಿ ಬಣ್ಣ. ಕಳಿಸುವ ಮುನ್ನ ಪ್ರತಿ ನೀಲಿ ಸಾಲಿಗೂ ಹೆಸರಿದೆಯೇ ಎಂದು ನೋಡಿದ ಮೇಲೆಯೇ ಕಪ್ಪು ಮಾಡುವುದು. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಹಾಳಾಗುವುದುಂಟು. ಹೀಗಾಗಿ ಉದ್ಧರಣೆಗಳನ್ನು ಮತ್ತೆ ಮೂಲದೊಂದಿಗೆ ಅಕ್ಷರಕ್ಕಕ್ಷರ ತಾಳೆ ನೋಡಬೇಕು. ಇನ್ನೊಬ್ಬರ ಮಾತನ್ನು ತಪ್ಪಾಗಿ ಅಚ್ಚು ಹಾಕಿಸುವುದೂ ಅಪಚಾರವೇ.

ವಚನ ಉಲ್ಲೇಖಿಸುವವರು ಹೆಚ್ಚು ಎಡವುವುದು ಹೆಸರಿನಲ್ಲಿ. ‘ಕಾಯಕವೇ ಕೈಲಾಸ’ ಎಂಬುದನ್ನು ಬಸವಣ್ಣನವರ ಹೆಸರಿಗೆ ಹಚ್ಚುವುದು ಎಲ್ಲೆಲ್ಲೂ ನಡೆದಿದೆ; ಆ ಮಾತು ಇರುವುದು ‘ಅಮರೇಶ್ವರಲಿಂಗ’ ಅಂಕಿತದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಕಿತ ನೋಡುವುದು ಮೊದಲ ಹೆಜ್ಜೆ: ಕೂಡಲಸಂಗಮದೇವ ಬಸವಣ್ಣ, ಗುಹೇಶ್ವರ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿ. ಅಷ್ಟಕ್ಕೇ ನಿಲ್ಲಿಸುವಂತಿಲ್ಲ. ಖೊಟ್ಟಿ ವಚನ ಹೊಸೆಯುವವರೂ ಕೊನೆಗೊಂದು ಅಂಕಿತ ಅಂಟಿಸಿಯೇ ಬಿಡುತ್ತಾರೆ. ಅಚ್ಚಾದ ಸಂಪುಟದ ಅಕಾರಾದಿಯಲ್ಲಿ ಮೊದಲ ಸಾಲು ಸಿಕ್ಕರೆ ಬಳಸುತ್ತೇನೆ, ಸಿಗದಿದ್ದರೆ ಎಷ್ಟು ಚಂದವಿದ್ದರೂ ಬಿಡುತ್ತೇನೆ. ವಾಟ್ಸಾಪಿನಲ್ಲಿ ಓಡಾಡುವ ಕಗ್ಗಗಳಿಗೂ ಇದೇ ಜರಡಿ.

ಅನುವಾದದಲ್ಲಿ ಒಳ್ಳೆಯ ನಡತೆ ಎಂದರೆ ಲಿಖಿತ ಅನುಮತಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬಿಎಂಶ್ರೀ 1946ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2006ರ ಕೊನೆಗೆ ಮುಗಿದಿದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇದೆ. ಅನುಮತಿ ಕೇಳುವ ಪತ್ರದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಯಾವ ಕೃತಿ, ಯಾವ ಭಾಷೆಗೆ, ಎಲ್ಲಿ ಪ್ರಕಟಣೆ, ಗೌರವಧನ ಹೇಗೆ. ಫೋನಿನಲ್ಲಿ ‘ಆಯ್ತು, ಮಾಡ್ಕೊಳ್ಳಿ’ ಅಂದದ್ದು ನಾಳೆ ಅವರ ಮಕ್ಕಳಿಗೆ ಗೊತ್ತಿರುವುದಿಲ್ಲ. ರಷ್ಯನ್ ಕಥೆಯನ್ನು ಇಂಗ್ಲಿಷಿನಿಂದ ತಂದಿದ್ದರೆ ‘ಇಂಗ್ಲಿಷ್ ಮೂಲಕ’ ಎಂದು ನಮೂದಿಸಿ ಆ ಇಂಗ್ಲಿಷ್ ಅನುವಾದಕರ ಹೆಸರನ್ನೂ ಹಾಕುತ್ತೇನೆ. ಅವರ ಅನುವಾದಕ್ಕೂ ಹಕ್ಕಿದೆ. ಅದು ಚಾಲ್ತಿಯಲ್ಲಿದ್ದರೆ ಅವರಿಗೂ ಪತ್ರ ಹೋಗಬೇಕು.

ಪತ್ರಿಕೆಗಳಿಗೆ ಕಳಿಸುವಾಗ ಒಂದು ರಿಜಿಸ್ಟರ್: ಬರಹದ ಹೆಸರು, ಕಳಿಸಿದ ತಾರೀಖು, ಎಲ್ಲಿಗೆ, ಏನು ಉತ್ತರ ಬಂತು. ಒಂದು ಬರಹ ಒಂದು ಹೊತ್ತಿಗೆ ಒಂದೇ ಕಡೆ. ಮೂರು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ‘ಹಿಂದಕ್ಕೆ ಪಡೆಯುತ್ತಿದ್ದೇನೆ’ ಎಂದು ಎರಡು ಸಾಲು ಬರೆದು, ಆಮೇಲೆ ಬೇರೆ ಕಡೆ. ಆ ಎರಡು ಸಾಲು ಬರೆಯದೆ ಬಿಟ್ಟರೆ ಒಂದೇ ಕಥೆ ಎರಡು ಪತ್ರಿಕೆಗಳಲ್ಲಿ ಅಚ್ಚಾಗಿ, ಇಬ್ಬರು ಸಂಪಾದಕರ ಮುಂದೆಯೂ ತಲೆತಗ್ಗಿಸಬೇಕಾಗುತ್ತದೆ.

ಇಷ್ಟೂ ಸುಲಭ. ಕಷ್ಟವಿರುವುದು ದಾಕ್ಷಿಣ್ಯದಲ್ಲಿ. ನಮ್ಮಲ್ಲಿ ಮುನ್ನುಡಿ ಕೇಳಲು ಬರುವವರು ಬಿಡುಗಡೆಯ ದಿನ ಗೊತ್ತುಮಾಡಿಕೊಂಡು, ಆಹ್ವಾನಪತ್ರಿಕೆ ಅಚ್ಚು ಹಾಕಿಸಿಕೊಂಡೇ ಬರುತ್ತಾರೆ. ಆಗ ‘ಸಾರ್, ನಾಲ್ಕು ಮಾತು ಬರ್ಕೊಡಿ’ ಅಂದರೆ ಓದದೆ ಬರೆಯುವುದೊಂದೇ ದಾರಿ. ಹಾಗೆ ಬರೆದದ್ದನ್ನು ಗುರುತಿಸುವುದು ಸುಲಭ: ಯಾವ ಪುಸ್ತಕಕ್ಕಾದರೂ ಹೊಂದುತ್ತದೆ. ಅದಕ್ಕೆ ಮೂರು ಷರತ್ತು: ಪೂರ್ತಿ ಹಸ್ತಪ್ರತಿ, 45 ದಿನ, ಕೊರತೆಯನ್ನೂ ಬರೆಯುವ ಸ್ವಾತಂತ್ರ್ಯ. ಒಂದನ್ನು ಒಪ್ಪದಿದ್ದರೂ ಆಗಲೇ ಬೇಡವೆನ್ನುತ್ತೇನೆ. ಒಪ್ಪಿಕೊಂಡು ಎಳೆದಾಡುವುದಕ್ಕಿಂತ ಅದೇ ಮರ್ಯಾದೆ. ಒಪ್ಪಿ ಬರೆದ ಮುನ್ನುಡಿಯಲ್ಲಿ ಕನಿಷ್ಠ ಮೂರು ಕಡೆ ಆ ಪುಸ್ತಕದ್ದೇ ಸಾಲು, ಪಾತ್ರ ಅಥವಾ ಸನ್ನಿವೇಶ ಹೆಸರಿಸಬೇಕೆಂಬುದು ನನಗೆ ನಾನೇ ಹಾಕಿಕೊಂಡ ಲೆಕ್ಕ. ಆಪ್ತರ ಪುಸ್ತಕದ ವಿಮರ್ಶೆ ಮಾಡುವುದಿಲ್ಲ; ಮಾಡಲೇಬೇಕಾಗಿ ಬಂದರೆ ಪರಿಚಯದ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಹೇಳುತ್ತೇನೆ. ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಲಲಿತ ಪ್ರಬಂಧದಲ್ಲಿ ನೆರೆಹೊರೆಯವರು, ನೆಂಟರು ಬರುತ್ತಾರೆ. ಹೆಸರು ಬದಲಾಯಿಸಿದರೆ ಸಾಕೆಂದುಕೊಳ್ಳುವುದು ತಪ್ಪು. ಊರಿನವರಿಗೆ ‘ಬಸ್‌ಸ್ಟ್ಯಾಂಡ್ ಪಕ್ಕದ ಹಿಟ್ಟಿನ ಗಿರಣಿಯವರು’ ಅಂದರೆ ಹೆಸರೇ ಬೇಡ. ಕಸುಬು, ಜಾಗ, ವಯಸ್ಸು, ಮಾತಿನ ವರಸೆ ಇವುಗಳಲ್ಲಿ ಎರಡನ್ನಾದರೂ ಬದಲಿಸುತ್ತೇನೆ. ಕಾಯಿಲೆ, ಸಾಲ, ಮದುವೆ ಮುರಿದದ್ದು ಇಂಥವು ಬಂದರೆ ಅವರಿಗೇ ಓದಿ ಹೇಳಿ, ಬೇಡವೆಂದರೆ ತೆಗೆದುಬಿಡುತ್ತೇನೆ.

ತಾಳ್ಮೆಗೆ ನನ್ನ ಲೆಕ್ಕ ಸರಳ: ಅಂಕಣ ಮೂರು ದಿನ, ಕಥೆ ಹದಿನೈದು ದಿನ ಮೇಜಿನ ಖಾನೆಯಲ್ಲಿ. ತೆಗೆದ ಮೇಲೆ ಗಟ್ಟಿಯಾಗಿ ಓದುವುದು. ನಾಲಿಗೆ ತೊಡರಿದ ಕಡೆ ಗೆರೆ.

ಪುಸ್ತಕ ಬಂದ ದಿನವೇ ಒಂದು ಪ್ರತಿಯ ಮೇಲೆ ‘ತಿದ್ದುಪಡಿ’ ಎಂದು ಬರೆದು ಬೇರೆ ಎತ್ತಿಡುತ್ತೇನೆ. ಓದುಗರು ತೋರಿಸಿದ ತಪ್ಪನ್ನು ಅದೇ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ, ಪಕ್ಕದಲ್ಲಿ ತಾರೀಖು, ತೋರಿಸಿದವರ ಹೆಸರು. ಎರಡನೆಯ ಮುದ್ರಣ ಬಂದಾಗ ಡಿಟಿಪಿಯವರ ಕೈಗೆ ಆ ಪ್ರತಿಯನ್ನೇ ಕೊಡುತ್ತೇನೆ. ಅಂಚಿನಲ್ಲಿರುವ ಹೆಸರುಗಳು ಕೃತಜ್ಞತೆಯ ಪುಟಕ್ಕೆ ಹೋಗುತ್ತವೆ.