ಗುಡ್ಡದ ಮೇಲಿನ ಕ್ಯಾಬಿನೆಟ್‌ಗೆ ಹಾಟ್ ಸ್ವಾಪ್: 24 ವೋಲ್ಟ್ ಕಾರ್ಡನ್ನು ಕರೆಂಟ್ ಇರುವಾಗಲೇ ಬದಲಿಸುವ ಬಗೆ

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಗುಡ್ಡಗಳಲ್ಲಿ ಸೋಲಾರ್ ಮತ್ತು 24 ವೋಲ್ಟ್ ಬ್ಯಾಟರಿ ಮೇಲೆ ಓಡುವ ರೇಡಿಯೋ ಕ್ಯಾಬಿನೆಟ್‌ನಲ್ಲಿ ಒಂದು ಕಾರ್ಡ್ ಕೆಟ್ಟರೆ, ಅದೊಂದಕ್ಕಾಗಿ ಎಲ್ಲ ಕಾರ್ಡುಗಳ ಪವರ್ ತೆಗೆಯುವಂತಿಲ್ಲ. ಕೆಳಗಿನ ಊರುಗಳ ಸಂಪರ್ಕವೇ ಹೋಗುತ್ತದೆ. ಹಾಗೆಂದು ಕರೆಂಟ್ ಇರುವಾಗಲೇ ಕಾರ್ಡ್ ಚುಚ್ಚಿದರೆ ಅದರ ಮೇಲಿನ ಖಾಲಿ ಕೆಪಾಸಿಟರ್ ಒಂದು ಕ್ಷಣ ಶಾರ್ಟ್ ಸರ್ಕ್ಯೂಟ್‌ನಂತೆಯೇ ವರ್ತಿಸುತ್ತದೆ. ದಾರಿಯ ಒಟ್ಟು ಪ್ರತಿರೋಧ 0.1 ಓಮ್ ಇದ್ದರೆ 24 ವೋಲ್ಟ್‌ಗೆ 240 ಆಂಪ್‌ವರೆಗೆ ನುಗ್ಗಬಹುದು. ಕನೆಕ್ಟರ್ ಪಿನ್ ಸುಡುತ್ತದೆ, ಬಸ್ ವೋಲ್ಟೇಜ್ ಕುಸಿದು ಪಕ್ಕದ ಕಾರ್ಡುಗಳು ರೀಸೆಟ್ ಆಗುತ್ತವೆ.

ಇದನ್ನು ತಡೆಯುವುದು ಹಾಟ್ ಸ್ವಾಪ್ ಕಂಟ್ರೋಲರ್. ದಾರಿಯಲ್ಲಿ ಒಂದು ಮಾಸ್‌ಫೆಟ್ (ಸ್ವಿಚ್‌ನಂತೆ ಕರೆಂಟ್ ಬಿಡುವ, ತಡೆಯುವ ಟ್ರಾನ್ಸಿಸ್ಟರ್) ಇಟ್ಟು ಅದರ ಗೇಟನ್ನು, ಅಂದರೆ ನಿಯಂತ್ರಣದ ಪಿನ್ನನ್ನು, ಕಂಟ್ರೋಲರ್ ಚಿಪ್ ನಿಧಾನವಾಗಿ ತೆರೆಯುತ್ತದೆ. ಇಲ್ಲಿನ ಲೆಕ್ಕವೆಲ್ಲ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಲ್‌ಎಂ5069ಕ್ಕೆ. ಇದು 9ರಿಂದ 80 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. ಕಾರ್ಡ್ 2 ಆಂಪ್ ಎಳೆಯುತ್ತದೆ, ಅದರ ಮೇಲೆ 1000 ಮೈಕ್ರೋಫ್ಯಾರಡ್ ಇದೆ ಎಂದಿಟ್ಟುಕೊಳ್ಳಿ.

ಮೊದಲು ಸೆನ್ಸ್ ರೆಸಿಸ್ಟರ್, ಅಂದರೆ ಕರೆಂಟ್ ಅಳೆಯಲು ದಾರಿಯಲ್ಲಿಡುವ ಚಿಕ್ಕ ಪ್ರತಿರೋಧ. ಅದರ ಮೇಲೆ 55 ಮಿಲಿವೋಲ್ಟ್ ಬಂದಾಗ ಚಿಪ್ ಕರೆಂಟಿಗೆ ಮಿತಿ ಹಾಕುತ್ತದೆ. 15 ಮಿಲಿಓಮ್ ಹಾಕಿದರೆ ಮಿತಿ 3.67 ಆಂಪ್. 105 ಮಿಲಿವೋಲ್ಟ್ ದಾಟಿದರೆ, ಅಂದರೆ 7 ಆಂಪ್‌ಗೆ, ಗೇಟನ್ನು ಒಮ್ಮೆಲೇ ಕೆಳಗೆಳೆಯುತ್ತದೆ. ಸೆನ್ಸ್ ತಂತಿಗಳನ್ನು ರೆಸಿಸ್ಟರ್ ಪ್ಯಾಡಿನ ಒಳಬದಿಯಿಂದಲೇ ತೆಗೆಯಿರಿ. ನಡುವೆ 1 ಮಿಲಿಓಮ್ ತಾಮ್ರ ಸೇರಿದರೂ ಲೆಕ್ಕ 6 ಶೇಕಡಾಕ್ಕಿಂತ ಹೆಚ್ಚು ತಪ್ಪುತ್ತದೆ.

ಬಹಳ ಜನ ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ಮಾಸ್‌ಫೆಟ್ ಸಾಯುವುದು ಇದರ ಮುಂದಿನ ಹಂತದಲ್ಲಿ. ಕೆಪಾಸಿಟರ್ ತುಂಬುವಾಗ ಅದರಲ್ಲಿ ಎಷ್ಟು ಶಕ್ತಿ ಶೇಖರವಾಗುತ್ತದೋ ಅಷ್ಟೇ ಶಕ್ತಿ ಮಾಸ್‌ಫೆಟ್‌ನಲ್ಲಿ ಶಾಖವಾಗುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗಿನ 28.8 ವೋಲ್ಟ್‌ಗೆ ಅದು 0.41 ಜೂಲ್. ಈ ಶಾಖ ಎಷ್ಟು ಹೊತ್ತಿನಲ್ಲಿ ಬೀಳುತ್ತದೆ ಎಂಬುದೇ ಮುಖ್ಯ. ಅದಕ್ಕೇ ಪವರ್ ಲಿಮಿಟ್ ಪಿನ್ ಇರುವುದು. ಅದರ ರೆಸಿಸ್ಟರ್‌ನ ಬೆಲೆ ಸಿಗಬೇಕಾದರೆ 1,30,000 × ಸೆನ್ಸ್ ರೆಸಿಸ್ಟರ್ (ಓಮ್‌ನಲ್ಲಿ) × ಬೇಕಾದ ವ್ಯಾಟ್ ಎಂದು ಗುಣಿಸಿ. 20 ವ್ಯಾಟ್‌ಗೆ 39 ಕಿಲೋಓಮ್ ಬರುತ್ತದೆ. ಈ ಮಿತಿಯಲ್ಲಿ ಕೆಪಾಸಿಟರ್ ತುಂಬಲು ಸುಮಾರು 21 ಮಿಲಿಸೆಕೆಂಡ್ ಬೇಕು.

ಟೈಮರ್ ಕೆಪಾಸಿಟರ್ ಅದಕ್ಕಿಂತ ಉದ್ದದ ಅವಕಾಶ ಕೊಡಬೇಕು. ಮಿತಿಯಲ್ಲಿರುವಾಗ 85 ಮೈಕ್ರೋಆಂಪ್‌ನಿಂದ 4 ವೋಲ್ಟ್‌ವರೆಗೆ ತುಂಬಿದರೆ ಚಿಪ್ ಕೈಬಿಡುತ್ತದೆ. 1 ಮೈಕ್ರೋಫ್ಯಾರಡ್‌ಗೆ 47 ಮಿಲಿಸೆಕೆಂಡ್. ಇದೇ ಕೆಪಾಸಿಟರ್ ಕಾರ್ಡ್ ಚುಚ್ಚಿದಾಗ 5.5 ಮೈಕ್ರೋಆಂಪ್‌ನಿಂದ ತುಂಬಿ, ಪಿನ್‌ಗಳ ಕುಣಿತ ನಿಲ್ಲಲು ಮುಕ್ಕಾಲು ಸೆಕೆಂಡಿನಷ್ಟು ಬಿಡುವು ಕೊಡುತ್ತದೆ.

ಈಗ ಮಾಸ್‌ಫೆಟ್. 100 ವೋಲ್ಟ್‌ನದ್ದಿರಲಿ. ಆನ್ ಪ್ರತಿರೋಧ ಕಡಿಮೆ ಎಂದು ಹೊಸ ಟ್ರೆಂಚ್ ಮಾದರಿ ಆರಿಸಬೇಡಿ. ಅರ್ಧ ತೆರೆದಾಗ ಮಾಸ್‌ಫೆಟ್ ಒಳಗಿನ ಒಂದೇ ಬಿಂದುವಿಗೆ ಕರೆಂಟ್ ಸೇರಿಕೊಂಡು ಸುಡುವ ದೌರ್ಬಲ್ಯ ಅವುಗಳಲ್ಲಿ ಹೆಚ್ಚು. 2 ಆಂಪ್‌ಗೆ 10 ಮಿಲಿಓಮ್ ಇದ್ದರೂ ಪೋಲಾಗುವುದು 0.04 ವ್ಯಾಟ್ ಮಾತ್ರ. ಡೇಟಾಶೀಟ್‌ನ ಸುರಕ್ಷಿತ ವಲಯದ ಗ್ರಾಫಿನಲ್ಲಿ 100 ಮಿಲಿಸೆಕೆಂಡ್ ಗೆರೆ ನೋಡಿ. 30 ವೋಲ್ಟ್ ಬಳಿ ಕನಿಷ್ಠ 1.5 ಆಂಪ್ ಇರಬೇಕು. ನಮಗೆ ಬೇಕಾದದ್ದು 0.67 ಆಂಪ್. ಆದರೆ ಆ ಗ್ರಾಫ್ 25 ಡಿಗ್ರಿಗೆ ಬರೆದದ್ದು. ಏಪ್ರಿಲ್ ಬಿಸಿಲಿನ ತಗಡಿನ ಪೆಟ್ಟಿಗೆಯಲ್ಲಿ ಮಾಸ್‌ಫೆಟ್ ಮೈ 60 ಡಿಗ್ರಿ ಇದ್ದರೆ, 175 ಡಿಗ್ರಿವರೆಗೆ ತಾಳುವ ಮಾಸ್‌ಫೆಟ್‌ಗೂ ಗ್ರಾಫಿನ ಸಾಮರ್ಥ್ಯದಲ್ಲಿ ಉಳಿಯುವುದು 77 ಶೇಕಡಾ. ಪವರ್ ಲಿಮಿಟ್ಟೂ ಕರಾರುವಾಕ್ಕಲ್ಲ. 1.5 ಆಂಪ್ ಕೇಳಿದ್ದು ಅದಕ್ಕೇ.

ವೋಲ್ಟೇಜ್ ಮಿತಿಗಳನ್ನು ಬೇಗ ಮುಗಿಸಬಹುದು. ವೋಲ್ಟೇಜ್ ತೀರಾ ಇಳಿದಾಗ ಬಂದ್ ಮಾಡುವ ಯುವಿಎಲ್‌ಒ ಪಿನ್‌ಗೆ ಮೇಲೆ 100 ಕಿಲೋಓಮ್, ಕೆಳಗೆ 13.7 ಕಿಲೋಓಮ್: ಸುಮಾರು 20.8 ವೋಲ್ಟ್‌ಗೆ ಬಂದ್, 22.9ಕ್ಕೆ ಮತ್ತೆ ಚಾಲೂ. ತೀರಾ ಏರಿದಾಗ ಬಂದ್ ಮಾಡುವ ಓವಿಎಲ್‌ಒ ಪಿನ್‌ಗೆ 100 ಮತ್ತು 8.2 ಕಿಲೋಓಮ್: 33 ವೋಲ್ಟ್‌ಗೆ ಬಂದ್. ಲೆಡ್ ಆಸಿಡ್ ಬ್ಯಾಟರಿಯ ಈಕ್ವಲೈಸ್ ಚಾರ್ಜ್ 30ರ ಆಸುಪಾಸಿಗೆ ಹೋದರೂ ಕಾರ್ಡ್ ಓಡುತ್ತಿರುತ್ತದೆ.

ಕನೆಕ್ಟರ್‌ನಲ್ಲಿ ಗ್ರೌಂಡ್ ಪಿನ್ ಎಲ್ಲಕ್ಕಿಂತ ಉದ್ದ, ಪವರ್ ಮಧ್ಯಮ, ಇನ್ನೊಂದು ಗಿಡ್ಡ ಪಿನ್. ಯುವಿಎಲ್‌ಒದ ಮೇಲಿನ ರೆಸಿಸ್ಟರನ್ನು ಆ ಗಿಡ್ಡ ಪಿನ್‌ನಿಂದಲೇ 24 ವೋಲ್ಟ್‌ಗೆ ಕೊಡಿ. ಕಾರ್ಡ್ ಎಳೆಯುವಾಗ ಅದು ಮೊದಲು ಬಿಡುತ್ತದೆ, ಮಾಸ್‌ಫೆಟ್ ಮುಚ್ಚುತ್ತದೆ, ಪವರ್ ಪಿನ್ ಬಿಡುವ ಹೊತ್ತಿಗೆ ಕರೆಂಟೇ ಇರುವುದಿಲ್ಲ. ಕಿಡಿಯೂ ಇಲ್ಲ.

ಕಾರ್ಡಿನಲ್ಲಿ ಮಾಸ್‌ಫೆಟ್‌ಗಿಂತ ಮುಂಚೆ ದೊಡ್ಡ ಕೆಪಾಸಿಟರ್ ಬೇಡ, 0.1 ಮೈಕ್ರೋಫ್ಯಾರಡ್ ಸಾಕು. ಅಲ್ಲಿಯೇ ವೋಲ್ಟೇಜ್ ಜಿಗಿತವನ್ನು ಹೀರುವ ಎಸ್‌ಎಂಸಿಜೆ33ಎ ಟಿವಿಎಸ್ ಡಯೋಡ್ ಕಡ್ಡಾಯ. ಶಾರ್ಟ್ ಆದಾಗ ಚಿಪ್ ಥಟ್ಟನೆ ಕರೆಂಟ್ ಕಡಿದರೆ ತಂತಿಯ ಇಂಡಕ್ಟೆನ್ಸ್ ವೋಲ್ಟೇಜನ್ನು ಮೇಲೆತ್ತುತ್ತದೆ, ಇದು ಅದನ್ನು 53 ವೋಲ್ಟ್ ಬಳಿ ಹಿಡಿಯುತ್ತದೆ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ ಒಂದು ಶಾಟ್ಕಿ ಡಯೋಡ್ ಹಾಕಿ. ಸಿಡಿಲಿಗೆ ಇದಾವುದೂ ಉತ್ತರವಲ್ಲ, ಅದಕ್ಕೆ ತಂತಿ ಕ್ಯಾಬಿನೆಟ್ ಒಳಗೆ ಬರುವಲ್ಲೇ ಬೇರೆ ಅರೆಸ್ಟರ್ ಬೇಕು. ಉಲ್ಟಾ ಪೋಲಾರಿಟಿಗೂ ಈ ಚಿಪ್ ರಕ್ಷಣೆ ಕೊಡುವುದಿಲ್ಲ.

ಔಟ್‌ಪುಟ್ ಪೂರ್ತಿ ಏರಿದೆ ಎಂದು ತಿಳಿಸುವ ಪಿಜಿಡಿ (ಪವರ್ ಗುಡ್) ಪಿನ್ನನ್ನು ಕಾರ್ಡಿನ ಡಿಸಿ ಕನ್ವರ್ಟರನ್ನು ಚಾಲೂ ಮಾಡುವ ಎನೇಬಲ್ ಪಿನ್‌ಗೆ ಜೋಡಿಸಿ. ಇದನ್ನು ಬಿಟ್ಟರೆ ಕೆಪಾಸಿಟರ್ ತುಂಬುವ ಮುಂಚೆಯೇ ಲೋಡ್ ಕರೆಂಟ್ ಎಳೆಯುತ್ತದೆ. ಶುರುವಿನಲ್ಲಿ ಸಿಗುವುದೇ 0.7 ಆಂಪ್, ಹಾಗಾಗಿ ಟೈಮರ್ ಮುಗಿದು ಚಿಪ್ ಬಂದ್ ಆಗುತ್ತದೆ. ಸುಮಾರು 9 ಸೆಕೆಂಡಿಗೊಮ್ಮೆ ಕಾರ್ಡಿನ ದೀಪ ಮಿಣುಕಿದರೆ ಕಾರಣ ಇದೇ ಎಂದು ಮೊದಲು ಅನುಮಾನಿಸಿ. ಮತ್ತೆ ಮತ್ತೆ ಪ್ರಯತ್ನಿಸುವುದು ಎಲ್‌ಎಂ5069-2. ಅದರ -1 ಮಾದರಿ ಒಮ್ಮೆ ಬಂದ್ ಆದರೆ ಹಾಗೆಯೇ ನಿಲ್ಲುತ್ತದೆ. ಆಷಾಢದ ಮಳೆಯಲ್ಲಿ ಗುಡ್ಡ ಹತ್ತುವವರಿಲ್ಲದ ಕಡೆ -2 ಹಾಕಿ, ಮೇಲೊಂದು 10 ಆಂಪ್ ಫ್ಯೂಸ್ ಇರಲಿ.

ಪರೀಕ್ಷೆಯನ್ನು ಬ್ಯಾಟರಿ ಮತ್ತು ಫ್ಯೂಸ್ ಇಟ್ಟೇ ಮಾಡಿ. ಬೆಂಚ್ ಸಪ್ಲೈ ತಾನೇ ಕರೆಂಟ್ ತಡೆದು ವೋಲ್ಟೇಜ್ ಇಳಿಸಿ, ಯುವಿಎಲ್‌ಒ ಕುಣಿಯುವಂತೆ ಮಾಡಿ ದಾರಿ ತಪ್ಪಿಸುತ್ತದೆ. ಆಸಿಲ್ಲೋಸ್ಕೋಪಿನಲ್ಲಿ ಔಟ್‌ಪುಟ್ 20 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಏರಬೇಕು. ಆಮೇಲೆ ಔಟ್‌ಪುಟ್ ಶಾರ್ಟ್ ಮಾಡಿಯೇ ಪವರ್ ಕೊಟ್ಟು ನೋಡಿ, ಮಾಸ್‌ಫೆಟ್ ಉಳಿಯಬೇಕು.

ಮಲೆನಾಡಿನಲ್ಲಿ ನಿಜವಾದ ಶತ್ರು ತೇವ. ಚಿಪ್ ಗೇಟಿಗೆ ಕೊಡುವುದು ಬರೀ 16 ಮೈಕ್ರೋಆಂಪ್. ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ನೀರು ಹೀರಿ ಗೇಟಿನಿಂದ ಗ್ರೌಂಡ್‌ಗೆ 1.7 ಮೆಗಾಓಮ್ ಸೋರಿಕೆ ದಾರಿಯಾದರೆ, ಗೇಟ್ 36 ವೋಲ್ಟ್‌ಗೆ ಏರಬೇಕಾದದ್ದು 27ರಲ್ಲೇ ನಿಲ್ಲುತ್ತದೆ. ಮಾಸ್‌ಫೆಟ್ ಅರ್ಧ ತೆರೆದು ಕಾಯುತ್ತದೆ. ಶಾಖ 20 ವ್ಯಾಟ್ ಒಳಗಿದ್ದರೆ ಟೈಮರ್ ಓಡುವುದೇ ಇಲ್ಲ, ಚಿಪ್ಪಿಗೆ ಇದು ತಪ್ಪೆಂದು ಗೊತ್ತಾಗುವುದಿಲ್ಲ. ಆದ್ದರಿಂದ ನೋ ಕ್ಲೀನ್ ಫ್ಲಕ್ಸ್ ಆದರೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬೋರ್ಡ್ ತೊಳೆಯಿರಿ, 60 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ, ಕನೆಕ್ಟರ್ ಮುಚ್ಚಿ ಅಕ್ರಿಲಿಕ್ ಲೇಪನ ಕೊಡಿ.

ಹಾಕುವ ದಿನ ಗೇಟ್ ಮತ್ತು ಔಟ್‌ಪುಟ್ ನಡುವಿನ ವೋಲ್ಟೇಜನ್ನು 10 ಮೆಗಾಓಮ್ ಮೀಟರ್‌ನಿಂದ ಅಳೆದು ಬಾಗಿಲ ಒಳಗೆ ಬರೆದಿಡಿ. 12ರ ಹತ್ತಿರ ಇರಬೇಕು. ಶ್ರಾವಣದಲ್ಲಿ ಮತ್ತೆ ಅಳೆದಾಗ ಅದು 8ಕ್ಕೆ ಇಳಿದಿದ್ದರೆ ಬದಲಿ ಕಾರ್ಡ್ ಹಾಕಿ, ಹಳೆಯದನ್ನು ತೊಳೆದು ಒಣಗಿಸಿ ಮತ್ತೆ ಲೇಪಿಸಿ.