ಫ್ರೇಸಲ್ ವರ್ಬ್ ಕಲಿಯಬೇಕಾ? ಮೊದಲು ‘ಇಟ್’ ಎಲ್ಲಿ ಕೂರುತ್ತದೆ ನೋಡಿ

ಒಮ್ಮೆ ಒಂದು ಮೀಟಿಂಗನ್ನು ಎರಡು ದಿನ ಮುಂದೆ ಹಾಕಬೇಕಿತ್ತು. ಜಂಬದಿಂದ ‘ಕಾಲ್ಡ್ ಆಫ್’ ಅಂತ ಮೇಲ್ ಕಳಿಸಿದೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ರೂಮಿನಲ್ಲಿ ನಾನೊಬ್ಬನೇ! ಕ್ರಿಯಾಪದದ ಜೊತೆ ಆಫ್, ಅಪ್ ತರಹದ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಬಂದರೆ ಅದೇ ಫ್ರೇಸಲ್ ವರ್ಬ್. ಮುಂದೂಡುವುದು ‘ಪುಟ್ ಆಫ್’, ‘ಕಾಲ್ ಆಫ್’ ಅಂದರೆ ರದ್ದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಉರು ಹೊಡೆದಿದ್ದೆ, ಅದಕ್ಕೇ ಈ ಎಡವಟ್ಟು.

ಹಾಗಾಗಿ ಮೊದಲ ಹೆಜ್ಜೆ: ಪಟ್ಟಿ ಬಿಡಿ. ‘30 ದಿನದಲ್ಲಿ 500 ಫ್ರೇಸಲ್ ವರ್ಬ್’ ಅನ್ನುವ ಪಿಡಿಎಫ್‌ಗಳನ್ನು ಫೋನಿನಿಂದ ಅಳಿಸಿ. ದಿನಕ್ಕೆ ಮೂರು ಸಾಕು, ಆದರೆ ಪ್ರತಿಯೊಂದಕ್ಕೂ ನಿಮ್ಮದೇ ಬದುಕಿನ ಒಂದು ವಾಕ್ಯ ಬರೆಯಿರಿ.

ಎರಡನೆಯದು, ಪದ ಬಿಡಿಸಿ ಅರ್ಥ ಹುಡುಕಬೇಡಿ. ನಾವೂ ಇದೇ ಆಟ ಆಡುತ್ತೇವೆ ಅಲ್ವಾ? ಕೈಹಿಡಿದ, ಕೈಬಿಟ್ಟ, ಕೈಕೊಟ್ಟ, ಕೈಚೆಲ್ಲಿದ. ಕೈ ಒಂದೇ, ಕಥೆ ನಾಲ್ಕು. ‘ಗಿವ್ ಅಪ್’ ಅಂದರೆ ಕೈಚೆಲ್ಲುವುದು, ‘ಗಿವ್ ಇನ್’ ಅಂದರೆ ಹಟ ಬಿಟ್ಟು ಮಣಿಯುವುದು. ‘ಪುಟ್ ಅಪ್ ವಿತ್’ ಅಂದರೆ ಹಲ್ಲು ಕಚ್ಚಿ ಸಹಿಸಿಕೊಳ್ಳುವುದು.

ಈಗ ಎಲ್ಲರೂ ಜಾರಿ ಬೀಳುವ ಜಾಗ. ‘ಟರ್ನ್ ಆಫ್ ದ ಲೈಟ್’ ಸರಿ, ‘ಟರ್ನ್ ದ ಲೈಟ್ ಆಫ್’ ಕೂಡ ಸರಿ. ಆದರೆ ಲೈಟ್ ಬದಲು ‘ಇಟ್’ ಬಂತು ಅಂದ್ರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅನ್ನುವಂತೆಯೇ ಇಲ್ಲ. ಹಿಮ್, ಹರ್, ದೆಮ್ ಇವಕ್ಕೂ ಇದೇ ನಿಯಮ. ಫಾರ್ಮ್ ಇದ್ದರೆ ‘ಫಿಲ್ ಇಟ್ ಇನ್’, ಮಕ್ಕಳನ್ನು ಕರೆತರಬೇಕಿದ್ದರೆ ‘ಪಿಕ್ ದೆಮ್ ಅಪ್’.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ‘ಲುಕ್ ಆಫ್ಟರ್’ (ನೋಡಿಕೊಳ್ಳುವುದು) ತರಹದವು ಬೇರೆಯೇ ಜಾತಿ, ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಲುಕ್ ಆಫ್ಟರ್ ಹಿಮ್’ ಅಷ್ಟೇ, ‘ಲುಕ್ ಹಿಮ್ ಆಫ್ಟರ್’ ಅಂದರೆ ತಪ್ಪು. ‘ಪುಟ್ ಅಪ್ ವಿತ್’ ತರಹ ಮೂರು ಪದದವೂ ಸಾಮಾನ್ಯವಾಗಿ ಹೀಗೇ. ಯಾವುದು ಯಾವ ಜಾತಿ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಕಲಿಯುವವರಿಗೆಂದೇ ಮಾಡಿದ ಒಳ್ಳೆ ಡಿಕ್ಷನರಿ ತೆಗೆಯಿರಿ, ಅಲ್ಲಿ ‘ಪುಟ್ ಸಮ್‌ಥಿಂಗ್ ಆಫ್’ ಅಂತ ನಡುವೆ ಜಾಗ ಬಿಟ್ಟು ತೋರಿಸಿರುತ್ತಾರೆ, ‘ಲುಕ್ ಆಫ್ಟರ್ ಸಮ್‌ಬಡಿ’ ಅಂತ ಕೊನೆಗೆ ಹಾಕಿರುತ್ತಾರೆ. ಬರೀ ಅರ್ಥ ಹೇಳಿ ಸುಮ್ಮನಾಗುವ ಆ್ಯಪ್‌ಗಳು ಇದನ್ನು ಹೇಳುವುದೇ ಇಲ್ಲ, ಅಂಥವಕ್ಕೆ ದುಡ್ಡು ಕೊಡಬೇಡಿ. ನಾನಂತೂ ನೋಟ್‌ಬುಕ್ಕಿನಲ್ಲಿ ‘ಇಟ್’ ಸೇರಿಸಿಯೇ ಬರೆದುಕೊಳ್ಳುತ್ತೇನೆ, ‘ಪುಟ್ ಇಟ್ ಆಫ್’ ಅಂತ. ನಾಲ್ಕು ಸಲ ಜೋರಾಗಿ ಹೇಳಿದರೆ ನಾಲಿಗೆಯೇ ನೆನಪಿಟ್ಟುಕೊಳ್ಳುತ್ತದೆ.

ಇನ್ನು ಈಡಿಯಮ್‌ಗಳು, ಅಂದರೆ ನುಡಿಗಟ್ಟುಗಳು, ಸುಲಭ, ಇದ್ದ ಹಾಗೇ ಬಳಸಿ. ಕಷ್ಟವಾದರೂ ಗಟ್ಟಿ ಮನಸ್ಸು ಮಾಡಿ ಮುಗಿಸುವುದು ‘ಬೈಟ್ ದ ಬುಲೆಟ್’, ಗುಟ್ಟು ಬಿಟ್ಟುಕೊಡುವುದು ‘ಸ್ಪಿಲ್ ದ ಬೀನ್ಸ್’. ಆದರೆ ಜಾಗ ನೋಡಿ ಬಳಸಬೇಕು. ‘ಕಿಕ್ಡ್ ದ ಬಕೆಟ್’ ಅಂದರೆ ನಮ್ಮ ‘ಗೊಟಕ್ ಅಂದ’ ಇದ್ದ ಹಾಗೆ, ಸಂತಾಪದ ಮೇಲ್‌ನಲ್ಲಿ ಅದನ್ನು ಹಾಕಿದರೆ ಸಂಬಂಧವೇ ಹಳಸುತ್ತದೆ. ಜೋರು ಮಳೆಗೆ ‘ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಈಗ ಹಳೇ ಸರಕು, ಸುಮ್ನೆ ‘ಇಟ್ಸ್ ಪೋರಿಂಗ್’ ಅನ್ನಿ.

ಕೊನೆಗೆ ನಾವೇ ಅಂಟಿಸಿದ ಬಾಲಗಳನ್ನು ಕತ್ತರಿಸಿ. ನಿಭಾಯಿಸುವುದಕ್ಕೆ ‘ಕೋಪ್ ಅಪ್ ವಿತ್’ ಅಲ್ಲ, ‘ಕೋಪ್ ವಿತ್’. ‘ಡಿಸ್ಕಸ್ ಅಬೌಟ್’ ಅಲ್ಲ, ಬರೀ ‘ಡಿಸ್ಕಸ್’. ‘ಲುಕಿಂಗ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಅಲ್ಲ, ‘ಮೀಟಿಂಗ್’. ಇನ್ನು ಡಿಗ್ರಿ ಮುಗಿಸಿದ್ದಕ್ಕೆ ನಾವು ‘ಪಾಸ್ಡ್ ಔಟ್’ ಅನ್ನುತ್ತೇವೆ. ಹೊರದೇಶದವರು ಅದನ್ನು ಓದಿದರೆ ನೀವು ಕಾಲೇಜಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರಿ ಅಂದುಕೊಳ್ಳುತ್ತಾರೆ. ರೆಸ್ಯೂಮೆಯಲ್ಲಿ ‘ಗ್ರಾಜುಯೇಟೆಡ್’ ಅಂತಲೇ ಬರೆಯಿರಿ.